ಹಸಿ ನೆಲದ ಮೇಲೆ ಹನ್ನೆರಡು ಹೆಜ್ಜೆ

ಹೂವಿನ ಹಿಪ್ಪರಗಿಯ ಒಂದು ಮನೆಯ ಪಡಸಾಲೆಯಲ್ಲಿ ಶಾಬಾದಿ ಕಲ್ಲಿನ ನೆಲ ತೊಳೆದು, ಕಲ್ಲು ನೀರು-ಕಲೆ ಹೀರದಂತೆ ಸೀಲರ್ ಲೇಪ ಬಳಿದು ಹೊರಗೆ ಬಂದಿದ್ದೆ. "ನಾಕು ತಾಸು ಯಾರೂ ಕಾಲಿಡಬ್ಯಾಡ್ರಿ" ಅಂತ ಯಜಮಾನರಿಗೆ ಎರಡು ಸಲ ಹೇಳಿದ್ದೆ. ಅರ್ಧ ತಾಸಾಗಿರಲಿಲ್ಲ, ಒಳಕೋಣೆಯಿಂದ ಅವರ ತುಂಬು ಗರ್ಭಿಣಿ ಸೊಸೆ ಚೀರಿದಳು. ನೋವು ಶುರುವಾಗಿತ್ತು. ಹೊರಬರಲು ಇದ್ದದ್ದು ಅದೇ ಪಡಸಾಲೆ, ಅಲ್ಲಿ ಹಸಿ ಸೀಲರ್ ಎಣ್ಣೆಯಂತೆ ಜಾರುತ್ತಿತ್ತು.

"ಏನ್ ಮಾಡೂದ್ರಿ?" ಯಜಮಾನರು ನನ್ನ ಮುಖ ನೋಡಿದರು.

ಬಾಗಿಲ ಬಳಿಯಿದ್ದ ಗೋಣಿಚೀಲಗಳನ್ನು ಹಾಸುತ್ತ ನಾನೇ ಒಳಗೆ ಹೋದೆ. "ತಂಗಿ, ಕೈ ಬಿಡಬ್ಯಾಡ. ಚೀಲದ ಮ್ಯಾಲೇ ಕಾಲಿಡು." ಹನ್ನೆರಡು ಹೆಜ್ಜೆ. ನಡುವೆ ಒಂದು ಚೀಲ ಸರಕ್ಕನೆ ಜಾರಿತು. ಆಕೆ ನನ್ನ ತೋಳಿಗೆ ಜೋತುಬಿದ್ದು ನಿಂತಳು, ಬೀಳಲಿಲ್ಲ.

ಸಂಜೆ ಆಸ್ಪತ್ರೆಯಿಂದ ಯಜಮಾನರ ಫೋನ್ ಬಂತು. "ಹೆಣ್ಣುಕೂಸು ರೀ! ಇಬ್ರೂ ಆರಾಮ ಅದಾರ." ನಾನು ಉಸಿರು ಬಿಡುವಷ್ಟರಲ್ಲಿ ಅವರೇ ಮುಂದುವರಿಸಿದರು: "ಮತ್ತ, ಚೀಲದ ಗುರ್ತು ಬಿದ್ದ ನೆಲ ಸರಿ ಮಾಡಾಕ ನಾಳೆ ಎಷ್ಟ್ ಗಂಟೆಕ್ಕ ಬರ್ತೀರಿ?"