ಎದುರು ಮನೆಯ ಚೀನೀ ಕಷಾಯ

ಕಳೆದ ಚಳಿಗಾಲ ಕೊಲ್ಲಿ ದೇಶದ ಸಾಲ್ಮಿಯಾದ ಫ್ಲ್ಯಾಟಿನಲ್ಲಿ ನಾನು ಫ್ಲೂ ಜ್ವರದಿಂದ ಮಲಗಿದ್ದೆ. ಎದುರು ಮನೆಯ ಚೀನೀ ಹೆಂಗಸು ತಮ್ಮೂರಿನ ಗಿಡಮೂಲಿಕೆ ಕುದಿಸಿ ಫ್ಲಾಸ್ಕಿನಲ್ಲಿ ತಂದುಕೊಟ್ಟರು. ಮಂಗಳೂರಿನಿಂದ ಬಂದಿದ್ದ ಅಮ್ಮ ಮುಚ್ಚಳ ತೆಗೆದು ಮೂಸಿದರು.

“ಜ್ಯೇಷ್ಠಮಧು ಉಂಟು, ಶುಂಠಿಯೂ ಉಂಟು. ಪಾಪ, ಕಾಳುಮೆಣಸು ಹಾಕ್ಲಿಕ್ಕೆ ಮರ್ತಿದ್ದಾರೆ ಮಾರಾಯ್ತಿ!”

ತಕ್ಷಣ ಆಕೆಯ ಕೈಹಿಡಿದು ನಮ್ಮ ಅಡುಗೆಮನೆಗೆ ಕರೆದೊಯ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಒಳಗಿನಿಂದ ಕುಟ್ಟುವ ಸದ್ದು, ನಗು ಕೇಳುತ್ತಲೇ ಇತ್ತು. ಕೊನೆಗೆ ಇಬ್ಬರೂ ತಂತಮ್ಮ ಕಷಾಯದ ಲೋಟ ಹಿಡಿದು ಮಂಚದ ಎರಡೂ ಬದಿಗೆ ನಿಂತರು. ಯಾರನ್ನೂ ನೋಯಿಸಲಾರದೆ ಎರಡನ್ನೂ ಕುಡಿದೆ.

ನಾಲ್ಕನೆಯ ದಿನ ಜ್ವರ ಬಿಟ್ಟಿತು. “ನೋಡಿದ್ಯಾ, ನನ್ನ ಕಷಾಯ!” ಎಂದರು ಅಮ್ಮ. ನೋಡಲು ಬಂದಿದ್ದ ಎದುರು ಮನೆಯಾಕೆಯೂ ನಗುತ್ತ ಎದೆ ತಟ್ಟಿಕೊಂಡರು. ಕ್ಲಿನಿಕ್ಕಿನ ಮಾತ್ರೆಯನ್ನೂ ನುಂಗುತ್ತಿದ್ದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.