ಬೀಗಿತ್ತಿಯ ಮೇಲೆ ಕಟ್ಟಿದ ಹಾಡು

ನಾನು ಹಾಡು ಕಟ್ಟುತ್ತಿದ್ದದ್ದು ದೇವರ ಮೇಲಲ್ಲ, ಬೀಗರ ಮೇಲೆ. ನಮ್ಮಲ್ಲಿ ಮದುವೆಯ ಪಂಕ್ತಿ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯ ಬೀಗಿತ್ತಿಯರನ್ನು ಹಾಡಿನಲ್ಲೇ ಹಂಗಿಸಬೇಕು, ಗಂಡಿನ ಕಡೆಯವರು ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಉತ್ತರ ಹೊಳೆಯದ ಕಡೆ ಸೋತಂತೆ. ಹಳೆಯ ಹಾಡುಗಳು ಎಲ್ಲರಿಗೂ ಬಾಯಿಪಾಠ. ನಾನು ಮಾತ್ರ ಕಣ್ಣಿಗೆ ಬಿದ್ದದ್ದನ್ನು ಕೂತಲ್ಲೇ ಕಟ್ಟುತ್ತಿದ್ದೆ. ಹಾಗಾಗಿ ಭಟ್ಕಳದಿಂದ ಕುಮಟೆಯವರೆಗೆ, ನೆಂಟರಲ್ಲದವರೂ ನನ್ನನ್ನು ಹಾಡಲು ಕರೆಯತೊಡಗಿದರು. ಸಂಭಾವನೆ ಒಂದು ರವಿಕೆ ಕಣ, ಹೊಟ್ಟೆ ತುಂಬ ಹೋಳಿಗೆ.

ಮುಟ್ಟಳ್ಳಿಯ ನಮ್ಮ ಮನೆಯಲ್ಲಿ ಹೆತ್ತ ಆಯಿಗೆ ಮಾತ್ರ ಇದೇ ತಲೆಬಿಸಿ. "ಈ ಬಾಯಿ ಕಂಡ ಮೇಲೆ ನಿನ್ನ ಯಾರು ಮದುವೆ ಆಗ್ತ?" ಎಂದು ಅಳುತ್ತಿದ್ದಳು. ನಾನು ನಗುತ್ತಿದ್ದೆ. ಅವಳ ಹೆದರಿಕೆ ಸುಳ್ಳೇನೂ ಆಗಿರಲಿಲ್ಲ. ಬಂದ ಎರಡು ಸಂಬಂಧ ನನ್ನ ಕೀರ್ತಿ ಕೇಳಿಯೇ ತಿರುಗಿ ಹೋಗಿದ್ದವು.

ಆಗಿನ್ನೂ ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಅಲ್ಲಿಯ ಒಂದು ಮದುವೆಗೆ ಧಾರೇಶ್ವರದ ಹೆಂಗಸೊಬ್ಬರು ಗಂಡಿನ ಸೋದರತ್ತೆಯಾಗಿ ಬಂದಿದ್ದರು. ಹೊಳೆಯಾಚೆ ಯಾರನ್ನೋ ನೋಡಲು ಹೋಗಬೇಕಿತ್ತಂತೆ, ಪಾಯಸದ ಆಸೆಗೆ ಲಾಂಚು ತಪ್ಪಿಸಿಕೊಂಡರು. ಬಿಟ್ಟೇನೇ?

"ಪಾಯಸದ ದ್ರಾಕ್ಷಿಯ ಹೆಕ್ಕುತ ಕುಳಿತಳು ಬೀಗಿತ್ತಿ,
ಅತ್ತ ಹೊಳೆ ದಾಟಿತು ಲಾಂಚು, ಇತ್ತ ಉಳಿದಳು ಬೀಗಿತ್ತಿ!"

ಪಂಕ್ತಿಯೆಲ್ಲ ಘೊಳ್ಳೆಂದಿತು. ಅವರ ಕಡೆಯಿಂದ ಉತ್ತರ ಬರಲೇ ಇಲ್ಲ.

ಕೆಲವು ತಿಂಗಳಲ್ಲಿ ನನ್ನನ್ನು ನೋಡಲು ಧಾರೇಶ್ವರದಿಂದ ಜನ ಬಂದರು. ಗಂಡಿನ ತಾಯಿ ಅದೇ ಹೆಂಗಸು! ಆಯಿಯ ಮುಖ ಬಿಳಿಚಿಕೊಂಡಿತು. ಹಾಡು ಹೇಳೆಂದಾಗ ನಾನು ಕಣ್ಣು ಮುಚ್ಚಿ, ಪರಮ ಸಾಧುವಿನಂತೆ ದೇವರ ನಾಮ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದರು.

"ಅದು ಬೇಡ ಕೂಸೆ, ದ್ರಾಕ್ಷಿದು ಹೇಳು. ನಮ್ಮ ಬದಿಲಿ ಇಂಥ ಬಾಯಿ ಇಲ್ಲೆ. ಅದಕ್ಕೇ ಬಂದಿದ್ದಿ."

ಗಂಡು ನನ್ನನ್ನು ಒಪ್ಪಿದನೋ ಇಲ್ಲವೋ ಆವತ್ತು ಯಾರೂ ಕೇಳಲಿಲ್ಲ. ಅವನಮ್ಮ ಒಪ್ಪಿಯಾಗಿತ್ತು.

ಮದುವೆ ನಮ್ಮ ಮನೆಯಲ್ಲೇ ಆಯಿತು. ಮದುಮಗಳು ತಲೆ ತಗ್ಗಿಸಿ ಉಣ್ಣಬೇಕು, ಹಾಡುವುದಂತೂ ದೂರವೇ ಉಳಿಯಿತು. ಅದು ಗೊತ್ತಿದ್ದೇ ಧಾರೇಶ್ವರದವರು ಸೇಡು ತೀರಿಸಿಕೊಂಡರು. ಸಮುದ್ರದ ಮಗ್ಗುಲಲ್ಲೇ ಊರಿದ್ದೂ ಬೀಗಿತ್ತಿಯ ಸಾರಿಗೆ ಉಪ್ಪು ಸಿಗಲಿಲ್ಲವೇ ಎಂದು ಹಾಡಿದರು. ಸಾರು ನಿಜಕ್ಕೂ ಸಪ್ಪೆಯಿತ್ತು, ಮಾಡಿದ್ದು ಆಯಿ. ನಮ್ಮ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತುಪ್ಪ ಬಡಿಸುತ್ತ ಬಂದ ಆಯಿ ನನ್ನ ಎಲೆಯ ಮುಂದೆ ಬಗ್ಗಿ, ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಎಂತಕ್ಕೆ ಸುಮ್ಮಂಗೆ ಕೂತಿದ್ದೆ? ಹೇಳೆ ಒಂದು!"

ಬಾಸಿಂಗ ಕಟ್ಟಿಕೊಂಡೇ ಹೇಳಿದೆ. ಮಗನನ್ನೇ ನಮಗೆ ಒಪ್ಪಿಸಿದ ಬೀಗಿತ್ತಿಗೆ ಇನ್ನು ಉಪ್ಪಿನ ಚಿಂತೆ ಯಾಕೆ ಎಂದೆ. ಪುರೋಹಿತರು ತುತ್ತು ಕೈಯಲ್ಲೇ ಹಿಡಿದು ನೋಡಿದರು. ಪಕ್ಕದಲ್ಲಿದ್ದ ಗಂಡ ಬೆವರಿದ. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನನ್ನ ಅತ್ತೆ. ಆಯಿ ಖುಷಿಯಲ್ಲಿ ಒಂದೇ ಎಲೆಗೆ ಮತ್ತೆ ಮತ್ತೆ ತುಪ್ಪ ಸುರಿದಳು.

ಮುಂದೆ ಎಷ್ಟೋ ವರ್ಷ ಅತ್ತೆಯ ಜೊತೆ ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕಿನ ಮದುವೆ ಸುತ್ತಿದೆ, ಎಂಥೆಂಥ ಬೀಗಿತ್ತಿಯರ ಬಾಯಿ ಮುಚ್ಚಿಸಿದೆ. ಆದರೆ ಆ ಸಂಜೆ ಗಂಡನ ಮನೆಗೆ ಹೊರಟಾಗ ಆಯಿ ನನ್ನ ಕೈ ಬಿಡದೆ ಕೇಳಿದಳು: "ಇನ್ನು ನಮ್ಮ ಬದಿಗೆ ಹಾಡು ಹೇಳಲೆ ಯಾರಿದ್ದ?"

ನನಗೆ ಉತ್ತರ ಹೊಳೆಯಲಿಲ್ಲ.