ಅರಿಶಿನ ಕುಡಿದ ಕಾರು

ಹಿಂದೂಪುರ ಬಿಟ್ಟಾಗ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಕಲ್ಯಾಣದುರ್ಗದಲ್ಲಿ ನನ್ನ ತಂಗಿಯ ಮನೆ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೂ ಮಗ ಮಂಜನ ಮಾತು ಕೇಳಿ, ಅವನು ರಿಪೇರಿ ಮಾಡಿದ್ದ ಕಾರು ಹತ್ತಿದೆ. ಇಂಗ್ಲೆಂಡಿನ ಹಳೇ ಕಾರು. ಎರಡೇ ಸೀಟು, ಮೇಲೆ ಸೂರಿಲ್ಲ, ಕೂತರೆ ಕುಂಡಿ ರಸ್ತೆಗೆ ತಾಗುವಷ್ಟು ತಗ್ಗು. ಅದನ್ನು ಕಲ್ಯಾಣದುರ್ಗದ ಸಾಹುಕಾರರಿಗೆ ಮಧ್ಯಾಹ್ನದೊಳಗೆ ಒಪ್ಪಿಸಬೇಕಿತ್ತು. ಮಾರನೆಯ ದಿನ ಅವರ ಮಗಳ ಮದುವೆ, ಮೆರವಣಿಗೆಗೆ ಇದೇ ಕಾರು.

ಪೆನುಕೊಂಡದವರೆಗೆ ಚೆನ್ನಾಗಿಯೇ ಬಂತು. ಇಡ್ಲಿ ತಿಂದು ಹೊರಟೆವು. ಊರು ದಾಟಿದ ಮೇಲೆ ಶಾಖ ತೋರಿಸುವ ಮುಳ್ಳು ಮೇಲೇರತೊಡಗಿತು. ಮಂಜ ಅದನ್ನೇ ನೋಡುತ್ತ ಯಾವುದೋ ಗುಂಡಿ ಎಳೆದ. ಅಷ್ಟರಲ್ಲಿ ಕಾಲ ಬಳಿ ಬಿಸಿಗಾಳಿ ನುಗ್ಗಿತು.

"ಏನ್ಲಾ ಇದು, ಕಾಲು ಬೇಯ್ತಾವೆ!"

"ಹೀಟರ್ ಹಾಕಿವ್ನಿ ಕಣಮ್ಮ. ಇಂಜಿನ್ ಕಾವು ಇತ್ಲಾಗೆ ಬರ್ಲಿ ಅಂತ."

"ನನ್ನ ಬೇಯ್ಸಿ ನಿನ್ ಚಿಕ್ಕಮ್ಮನಿಗೆ ಬಡುಸ್ತೀಯಾ?"

ಮುಂದುಗಡೆಯಿಂದ ಬುಸ್ಸೆಂದು ಹಬೆ ಎದ್ದು ರಸ್ತೆಯೇ ಕಾಣದಾಯಿತು. ಮಂಜ ಹೇಗೋ ಬೇವಿನ ಮರದಡಿ ನಿಲ್ಲಿಸಿ ಬಾನೆಟ್ಟು ಎತ್ತಿದ. ರೇಡಿಯೇಟರಿನಿಂದ ಹಳದಿ ನೀರು ಕೊತಕೊತ ಕುದಿದು ಇಳಿಯುತ್ತಿತ್ತು.

"ಅರಿಸ್ನ ಹಾಕಿದ್ಯೇನ್ಲಾ?"

"ಸಣ್ಣ ತೂತಿತ್ತು. ಲಾರಿಗೆಲ್ಲ ಹಾಕ್ತೀವಲ್ಲ, ಮುಚ್ಕತದೆ."

"ಎಷ್ಟು ಹಾಕ್ದೆ?"

"ಲಾರಿಗೆ ಹಾಕೋವಷ್ಟೇ."

ಅರಿಶಿನ ಮುದ್ದೆಗಟ್ಟಿ, ತೂತಿನ ಜೊತೆಗೆ ಒಳಗಿನ ಸಣ್ಣ ಕೊಳವೆಗಳನ್ನೂ ಮುಚ್ಚಿತ್ತು. ನೀರು ಓಡಾಡದೆ ನಿಂತಲ್ಲೇ ಕುದಿಯುತ್ತಿತ್ತು.

ಸಾಹುಕಾರರ ಫೋನು ಬಂತು. ಬೈಗುಳ ನನಗೂ ಕೇಳಿಸಿತು. ಫೋನಿಟ್ಟವನೇ ಮಂಜ ಕೈಗೆ ಟವೆಲ್ಲು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಇವನಪ್ಪ ಲಾರಿ ಓಡಿಸುತ್ತಿದ್ದ. ಹೀಗೇ ಬಿಸಿ ಮುಚ್ಚಳ ತೆಗೆಯಲು ಹೋಗಿ, ಕುದಿನೀರು ಮುಖಕ್ಕೆ ಸಿಡಿದು ಎಡಗಣ್ಣು ಕಳೆದುಕೊಂಡಿದ್ದ. ಎರಡೂ ಕೈಯಲ್ಲಿ ಮಗನ ಮುಂಗೈ ಹಿಡಿದೆ.

"ಬಿಡಮ್ಮ, ಲೇಟಾಯ್ತದೆ."

"ಲೇಟಾದ್ರೆ ಬೈಸ್ಕತೀಯ. ಕಣ್ ಹೋದ್ರೆ ಸಾವ್ಕಾರ ತಂದ್ಕೊಡ್ತಾನಾ? ತಗೀಲಾ ಕೈಯ!"

ಕುರಿ ಹೊಡೆದುಕೊಂಡು ಬಂದವನೊಬ್ಬ ನಿಂತು ನೋಡಿದ. "ಏಮವ್ವಾ, ಚಾರು ಕಾಸ್ತಾಂಡಾರಾ?" ಎಂದ. ಸಾರು ಕಾಯಿಸುತ್ತಿದ್ದೀರಾ ಅಂತ ಅವನ ತೆಲುಗು ತಮಾಷೆ.

"ಊಂ, ಅರಿಸ್ನ ಜಾಸ್ತಿಯಾಗದೆ. ನೀರಿದ್ರೆ ಕೊಡಪ್ಪ," ಎಂದೆ.

ಅವನು ಪಕ್ಕದ ತೋಟದ ಬೋರಿನಿಂದ ಬಿಂದಿಗೆಯಲ್ಲಿ ನೀರು ತಂದ. ಇಂಜಿನ್ ಆರುವವರೆಗೆ ನಾನು ಮಂಜನ ಕೈ ಬಿಡಲಿಲ್ಲ. ಆಮೇಲೆ ಅವನು ಕೆಳಗಿನ ತಿರುಪು ಬಿಚ್ಚಿ ಹಳದಿ ನೀರು ಬಸಿದು, ತಿಳಿನೀರು ಬರುವವರೆಗೆ ತೊಳೆದ. ಅರಿಶಿನ ಹೋಯಿತು, ತೂತು ಬಾಯಿ ಬಿಟ್ಟಿತು. ಅಲ್ಲಿಂದಾಚೆ ನಿಂತು, ಆರಿಸಿ, ನೀರು ತುಂಬಿ ಹೊರಡುವುದೇ ಆಯಿತು. ಪ್ರತಿ ಸಲ ಅವನು ಮುಚ್ಚಳ ತಿರುಗಿಸುವಾಗಲೂ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಕಲ್ಯಾಣದುರ್ಗ ಸೇರುವಾಗ ಹೊತ್ತು ಮುಳುಗುತ್ತಿತ್ತು. ಸಾಹುಕಾರರು ಚಪ್ಪರದಿಂದಲೇ ಕೂಗಿದರು: "ಈಗ್ ಬಂದ್ಯಾ? ಈಗ್ಲೇ ಬಿಚ್ಚು, ಬೆಸುಗೆ ಹಾಕು. ಬೆಳಿಗ್ಗೆ ಮೆರವಣಿಗೆ ಕಣಯ್ಯ!"

ಬಾನೆಟ್ಟು ಎತ್ತಿದಾಗ ಮುಚ್ಚಳದ ಸುತ್ತ ಇನ್ನೂ ಹಬೆಯಾಡುತ್ತಿತ್ತು. ಮಂಜ ಟವೆಲ್ಲು ಎತ್ತಿಕೊಂಡ. ನನಗೆ ಓಡಿಹೋಗಿ ಹಿಡಿಯುವ ಶಕ್ತಿಯೂ ಇರಲಿಲ್ಲ.

ಅವನು ಆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. "ಆರಲಿ ಸಾರ್," ಎಂದ.

ಸಾಹುಕಾರರು ಕೂಗುತ್ತಲೇ ಇದ್ದರು. ತಂಗಿಯ ಮನೆಯ ಓಣಿಗೆ ತಿರುಗುವ ಮುಂಚೆ ಹಿಂದೆ ನೋಡಿದೆ. ಮಂಜ ಕಾರಿನಿಂದ ಎರಡು ಮಾರು ದೂರದಲ್ಲಿ, ಕೈಕಟ್ಟಿಕೊಂಡು ನೆಲದ ಮೇಲೆ ಕೂತಿದ್ದ.